ಬಾವುಟದ ಮುಚ್ಚಳ

ವಿಶ್ವ ಹುಟ್ಟಿದಾಗಿನ ಬಿಸಿ ಇನ್ನೂ ಪೂರ್ತಿ ಆರಿಲ್ಲವಂತೆ. ಎಲ್ಲ ದಿಕ್ಕಿನಿಂದಲೂ ಸಣ್ಣಗೆ ಬರುತ್ತಲೇ ಇದೆಯಂತೆ. ಅದಕ್ಕೆ ಹಿನ್ನೆಲೆ ವಿಕಿರಣ ಎಂದು ಹೆಸರು. ಅದನ್ನು ಅಳೆಯುವ ದೂರದರ್ಶಕವನ್ನು ಹನ್ನೊಂದು ದೇಶಗಳು ಸೇರಿ ಕಟ್ಟುತ್ತಿದ್ದವು. ಒಬ್ಬರದು ಕನ್ನಡಿ, ಇನ್ನೊಬ್ಬರದು ರಾಕೆಟ್. ಈ ದೇಶದ ಪಾಲಿಗೆ ಬಂದದ್ದು ಒಂದು ಅಲ್ಯೂಮಿನಿಯಂ ಉಂಗುರ. ಅಂಗೈಯಗಲ, ನಲವತ್ತೆರಡು ಗ್ರಾಂ.

ಅದನ್ನು ಕಡೆದವಳು ಸಂಸ್ಥೆಯ ವರ್ಕ್‌ಶಾಪಿನ ಟರ್ನರ್. ಇಪ್ಪತ್ತಾರು ವರ್ಷ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತೂ ನಿಂತೂ ಎಲ್ಲರ ಬಾಯಲ್ಲಿ ಲೇತಮ್ಮ ಆಗಿದ್ದಳು. ಒಂಬತ್ತು ಉಂಗುರ ಕೆಟ್ಟು, ಹತ್ತನೆಯದು ಕೂದಲೆಳೆಯಷ್ಟೂ ತಪ್ಪದೆ ಬಂದಿತ್ತು. ನಿವೃತ್ತಿಗೆ ಮುಂಚೆ ಅದೊಂದು ಮೇಲೆ ಹೋದರೆ ಸಾಕು ಎಂದುಕೊಂಡಿದ್ದಳು.

ರವಾನೆಗೆ ಎರಡು ದಿನ ಇರುವಾಗ ಸಂಸ್ಥೆಯ ನಿರ್ದೇಶಕರು ವರ್ಕ್‌ಶಾಪಿಗೆ ಬಂದರು. ವಿಜ್ಞಾನದ ಹಿನ್ನೆಲೆ ಅವರಿಗೆ ಇರಲಿಲ್ಲ. ಫೋಟೋಗಳಲ್ಲಿ ಮಾತ್ರ ಸದಾ ಮುನ್ನೆಲೆ.

"ಏನಮ್ಮಾ, ಬಾವುಟ ಎಲ್ಲಿ?"

"ಬಣ್ಣ ಹಚ್ಚೋ ಹಾಗಿಲ್ಲ ಸಾರ್. ಬಣ್ಣಾನೂ ಬಿಸಿ ಸೂಸುತ್ತೆ. ಆ ಯಂತ್ರ ನಮ್ಮ ಬಾವುಟಾನೇ ವಿಶ್ವದ ಹುಟ್ಟು ಅಂದ್ಕೊಂಡುಬಿಡುತ್ತೆ."

"ಅಂದ್ಕೊಳ್ಳಲಿ ಬಿಡಮ್ಮ! ದೇಶಕ್ಕೆ ಒಳ್ಳೇದೇ ಅಲ್ವಾ?"

"ವಾಪಸ್ ಕಳಿಸ್ತಾರೆ ಸಾರ್. ಪಕ್ಕದ ದೇಶದವರು ಇಂಥದ್ದೇ ಒಂದು ಮಾಡಿಟ್ಕೊಂಡು ಕಾಯ್ತಾ ಇದ್ದಾರೆ."

"ಬಾವುಟ ಇಲ್ದೆ ನಾನು ಸಹಿ ಹಾಕಲ್ಲ. ಸಚಿವರಿಗೆ ಏನು ತೋರಿಸ್ಲಿ, ತೂತಾ?"

ಲೇತಮ್ಮನ ತಲೆ ಬಿಸಿಯಾಯಿತು. ಇದು ವಿಶ್ವದ ಹಳೇ ಬಿಸಿಯಲ್ಲ, ತಾಜಾ. ಆಗ ಕಣ್ಣಿಗೆ ಬಿತ್ತು, ದಾರಿಯಲ್ಲಿ ಧೂಳು ಕೂರದಂತೆ ಉಂಗುರಕ್ಕೆ ಹಾಕುವ ಮುಚ್ಚಳ. ಅಂಚಿನಲ್ಲಿ 'ಹಾರುವ ಮುನ್ನ ತೆಗೆಯಿರಿ' ಎಂದು ಬರೆದಿತ್ತು.

"ಸಾರ್, ಬಾವುಟ ಇದರ ಮೇಲೆ ಬರೆಸೋಣ."

"ಇದು ಮೇಲೇನೇ ಇರುತ್ತಾ?"

"ಇದರ ಮೇಲೆ ಇನ್ನೇನೂ ಇಲ್ಲ ಸಾರ್."

ಒಂದಕ್ಷರ ಸುಳ್ಳಿರಲಿಲ್ಲ. ಸಹಿ ಹಾಕುವ ಕಾಗದವನ್ನೇ ಓದದ ನಿರ್ದೇಶಕರು ಮುಚ್ಚಳದ ಅಂಚು ಓದುತ್ತಾರೆಯೇ?

ಉಂಗುರ ಹಾರಿತು. ತಿಂಗಳಾದ ಮೇಲೆ, ಉಡಾವಣೆಗೆ ಮುನ್ನ ತೆಗೆದಿಟ್ಟಿದ್ದ ಮುಚ್ಚಳ ಪಾರ್ಸೆಲ್ಲಿನಲ್ಲಿ ಬಂದಿಳಿಯಿತು. ಲೇತಮ್ಮನಿಗೆ ಬುಲಾವ್ ಹೋಯಿತು.

"ಏನಮ್ಮಾ ಇದು? ಬಾವುಟ ಇಲ್ಲೇ ಇದೆ!"

"ಹೋಗಿ ಬಂದಿದೆ ಸಾರ್."

"ಹೋಗಿ... ಬಂತಾ?" ನಿರ್ದೇಶಕರ ಮುಖ ಅರಳಿತು. "ಉಳಿದೋರ್ದು?"

"ಯಾರದೂ ಬಂದಿಲ್ಲ ಸಾರ್. ಎಲ್ಲಾ ಅಲ್ಲೇ ಇವೆ."

ಮರುವಾರ ಮುಚ್ಚಳ ಗಾಜಿನ ಪೆಟ್ಟಿಗೆ ಸೇರಿತು. ಸಚಿವರ ಎದುರು ನಿರ್ದೇಶಕರು ಎದೆಯುಬ್ಬಿಸಿ ಹೇಳಿದರು: "ಹನ್ನೊಂದು ದೇಶಗಳಲ್ಲಿ ಕ್ಷೇಮವಾಗಿ ಮರಳಿ ಬಂದಿದ್ದು ನಮ್ಮದೊಂದೇ!"

ಹಿಂದಿನ ಸಾಲಿನಲ್ಲಿ ಲೇತಮ್ಮ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಬಾಯಿಗೆ ಮಾತ್ರ ಮುಚ್ಚಳ ಹಾಕಿಕೊಂಡಿದ್ದಳು.