ಗಾಜಿನ ಗೋಡೆಗೆ ಬೆನ್ನು ಹಾಕಿದ ಬೆಂಚು

ನಮ್ಮ ಬೀದಿಯಲ್ಲಿ ಈಗ ಹೊಟ್ಟೆ ತುಂಬಿಸಲು ನಾನಾ ವೇಷದ ಹೋಟೆಲುಗಳಿವೆ. ನಿಂತು ತಿನ್ನುವುದೊಂದು, ಕೂತು ತಿನ್ನುವುದೊಂದು, ತಾನೇ ಬಡಿಸಿಕೊಂಡು ತಟ್ಟೆಯನ್ನು ತಕ್ಕಡಿಯ ಮೇಲಿಟ್ಟು ತೂಗಿಸುವುದೊಂದು. ಮಾಳಿಗೆಯ ಮೇಲೆ ಮಬ್ಬು ದೀಪ ಹಚ್ಚಿ, ಏನು ತಿನ್ನುತ್ತಿದ್ದೇವೆ ಎಂದೇ ಕಾಣದ ಹಾಗೆ ತಿನ್ನಿಸುವುದೂ ಇದೆ. ಮೂಲೆಯಲ್ಲಿರುವುದಕ್ಕಂತೂ ಕುರ್ಚಿಯೂ ಇಲ್ಲ, ಬಾಗಿಲೂ ಇಲ್ಲ. ಒಂದು ಕಿಟಕಿ, ಅದರೆದುರು ಪೊಟ್ಟಣಕ್ಕೆ ಕಾಯುವ ಸ್ಕೂಟರುಗಳು. ಇವುಗಳ ಮೇಲೆಲ್ಲ ನನಗೆ ಸಿಟ್ಟಿಲ್ಲ. ಅವರವರ ಹೊಟ್ಟೆಪಾಡು. ನನ್ನ ಹೊಟ್ಟೆ ಉರಿಯುವುದು ಬೀದಿಯ ನಟ್ಟನಡುವೆ ಗಾಜಿನ ಗೋಡೆ ನಿಲ್ಲಿಸಿಕೊಂಡಿರುವ ಒಂದೇ ಒಂದರ ಮೇಲೆ. ಅದು ನನ್ನ ಒಡಹುಟ್ಟಿದ ಅಣ್ಣನದು.

ಮೊದಲು ಅದು ಅಪ್ಪನ ಹೋಟೆಲು. ಉದ್ದನೆಯ ಮರದ ಮೇಜು, ಗಟ್ಟಿ ತರಕಾರಿ ಸೂಪು, ಬ್ರೆಡ್ಡು, ಹುರಿದ ಆಲೂಗಡ್ಡೆ, ಅಷ್ಟೇ. ಮದುವೆ ಗಿದುವೆ ಎನ್ನದೆ ಆ ಒಲೆಯ ಮುಂದೆ ಬೆಂದವಳು ನಾನು. ಅಪ್ಪ ಸತ್ತು ತಿಂಗಳಾಗುವುದರೊಳಗೆ ಅಣ್ಣ ಕೆಲಸದವರನ್ನೆಲ್ಲ ಸೇರಿಸಿ, ಇನ್ನು ಇಲ್ಲಿಗೆ ದೊಡ್ಡ ಮನುಷ್ಯರು ಬರುತ್ತಾರೆ, ಇವಳ ಸೂಪು ಲಾರಿ ಡ್ರೈವರುಗಳಿಗೆ ಸರಿ ಎಂದ. ಅತ್ತಿಗೆ ಪಕ್ಕದಲ್ಲೇ ನಿಂತು ಮೂಗು ಮುರಿದಳು. ಬೀಗದ ಕೈ ಕಿತ್ತುಕೊಂಡು ಕಳಿಸಿದರು. ಆವತ್ತು ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ಮಾರನೇ ದಿನದಿಂದ ಅಳಲಿಲ್ಲ. ಇವನ ಹೋಟೆಲು ಖಾಲಿ ಹೊಡೆಯುವುದನ್ನು ಕಣ್ಣಾರೆ ನೋಡದೆ ನಾನು ಸಾಯುವುದಿಲ್ಲ ಎಂದುಕೊಂಡೆ.

ಅಪ್ಪನ ಕಾಲದಲ್ಲಿ ಒಂದು ಪದ್ಧತಿಯಿತ್ತು. ಬಾಗಿಲು ತೆಗೆಯುವ ಮೊದಲು ಕೆಲಸದವರ ಊಟ. ಗಿರಾಕಿಗೆ ಬಡಿಸುವ ಪಾತ್ರೆಯಿಂದಲೇ ಅವರು ಉಂಡು ಕೈತೊಳೆದ ಮೇಲೆ ಮೊದಲ ಗಿರಾಕಿ ಒಳಗೆ. ಅಣ್ಣ ಅದನ್ನು ದಂಡದ ಖರ್ಚು ಎಂದು ನಿಲ್ಲಿಸಿದ. ಮಧ್ಯಾಹ್ನ ಸರದಿಯ ಮೇಲೆ ಬಿಡುವು ಕೊಡುತ್ತೇನೆ, ಎಲ್ಲಾದರೂ ತಿಂದು ಬನ್ನಿ ಎಂದ. ಜೊತೆಗೆ ಎಲ್ಲರಿಗೂ ಬಿಳೀ ಕೋಟು ಹೊಲಿಸಿ, ಬೆನ್ನ ಮೇಲೆ ಹೋಟೆಲಿನ ಹೆಸರನ್ನು ಹೊನ್ನಿನ ಬಣ್ಣದಲ್ಲಿ ಬರೆಸಿದ. ಬೀದಿಗೆ ಹೋದರೂ ಕೋಟು ಬಿಚ್ಚುವ ಹಾಗಿಲ್ಲ, ಬಿಟ್ಟಿ ಜಾಹೀರಾತು. ಇದನ್ನೆಲ್ಲ ನನ್ನ ಹತ್ತಿರ ಗೊಣಗಿದವನು ಅಲ್ಲಿನ ಹಿರಿಯ ಅಡುಗೆಯವನು, ಚಿಕ್ಕಂದಿನಿಂದ ನಾನು ಮೀಸೆ ಮಾಮ ಎನ್ನುತ್ತಿದ್ದವನು. ಅವನು ಗೊಣಗಿ ಮುಗಿಸುವ ಮೊದಲೇ ನನಗೆ ದಾರಿ ಕಂಡಿತು.

ಗಾಜಿನ ಗೋಡೆಗೆ ನೇರ ಎದುರಿಗಿದ್ದ ಬೀಗ ರಿಪೇರಿ ಅಂಗಡಿ ಖಾಲಿ ಬಿದ್ದಿತ್ತು. ಅದನ್ನು ಹಿಡಿದೆ. ಒಂದು ಒಲೆ, ಒಂದು ದೊಡ್ಡ ಪಾತ್ರೆ, ಹೊರಗೊಂದು ಉದ್ದನೆಯ ಬೆಂಚು. ಬೆಂಚನ್ನು ನನ್ನ ಕಡೆಗೆ ಮುಖ ಮಾಡಿಸಿ, ಅಲುಗದ ಹಾಗೆ ಕಾಲುಗಳಿಗೆ ಸಿಮೆಂಟು ಹಾಕಿಸಿದೆ. ರಸ್ತೆ ನೋಡಿಕೊಂಡು ತಿನ್ನುವ ಹಾಗಿದ್ದರೆ ಚೆನ್ನಲ್ಲವೇನಮ್ಮಾ ಎಂದು ಗಾರೆಯವನು ಕೇಳಿದ. ಹೇಳಿದಷ್ಟು ಮಾಡಪ್ಪಾ ಎಂದೆ.

ಅವರ ಬಿಡುವಿನ ಹೊತ್ತಿಗೆ ಸರಿಯಾಗಿ ಬೆಣ್ಣೆಯಲ್ಲಿ ಈರುಳ್ಳಿ ಹುರಿದೆ. ಯಾರನ್ನೂ ಕರೆಯಬೇಕಾಗಲಿಲ್ಲ. ಬಿಳೀ ಕೋಟುಗಳು ರಸ್ತೆ ದಾಟಿ ಬಂದು ಸಾಲಾಗಿ ಕೂತವು, ಹೊನ್ನಿನ ಅಕ್ಷರಗಳೆಲ್ಲ ಗಾಜಿನ ಕಡೆಗೆ. ಒಳಗೆ ಕೂತ ದೊಡ್ಡ ಮನುಷ್ಯರು ಫೋರ್ಕನ್ನು ಬಾಯಿಯ ಹತ್ತಿರ ಹಿಡಿದು ನೋಡಿಯೇ ನೋಡಿದರು. ಅಡುಗೆ ಮಾಡುವವರೇ ಇಲ್ಲಿ ತಿನ್ನುವುದಿಲ್ಲವೇ, ಹಾಗಾದರೆ ನಮಗೇನು ಬಡಿಸುತ್ತಿದ್ದೀರಿ ಎಂದು ಕೇಳಿದರಂತೆ. ಬಡಿಸುವವನು ತಬ್ಬಿಬ್ಬಾದನಂತೆ. ದಿನ ಕಳೆದಂತೆ ಅಲ್ಲಿ ಮೇಜುಗಳು ಖಾಲಿಯಾದವು, ಇಲ್ಲಿ ಬೆಂಚಿಗೆ ನೂಕುನುಗ್ಗಲಾಯಿತು. ನನಗಾದ ಖುಷಿಯನ್ನು ಬಾಯಲ್ಲಿ ಹೇಳಲಾರೆ. ಎಷ್ಟೋ ಕಾಲದ ಮೇಲೆ ಕಣ್ತುಂಬ ನಿದ್ದೆ ಬಂತು.

ಕೊನೆಗೆ ಅಣ್ಣ ಬಂದ. ಬೆಂಚು ತಿರುಗಿಸು ಎಂದ. ಸಿಮೆಂಟು ಹಾಕಿದೆ, ಆಗುವುದಿಲ್ಲ ಎಂದೆ. ಮೈ ಪರಚಿಕೊಳ್ಳುವಂತಾಗಿ ಅವನು ಕೂತವರ ಕಡೆ ತಿರುಗಿ, ನಾಳೆ ಈ ಬೆಂಚಿನ ಮೇಲೆ ಕಂಡವರಿಗೆ ಕೆಲಸವಿಲ್ಲ ಎಂದು ಹೇಳಿ ಹೋದ. ಅವರು ತಲೆ ತಗ್ಗಿಸಿ ಎದ್ದರು. ಹೆಂಡತಿ ಮಕ್ಕಳಿರುವವರು, ಏನೆನ್ನಲಿ?

ಮಾರನೇ ದಿನ ಪಾತ್ರೆ ಒಲೆಗಿಟ್ಟು ಗಾಜಿನ ಬಾಗಿಲನ್ನೇ ನೋಡುತ್ತ ನಿಂತೆ. ಬಿಡುವಿನ ಹೊತ್ತಾಯಿತು. ಗಾಜಿನ ಬಾಗಿಲು ತೆರೆಯಿತು. ಮುಂದೆ ಮೀಸೆ ಮಾಮ, ಹಿಂದೆ ಉಳಿದವರೆಲ್ಲ. ಸರದಿಯ ಮೇಲಲ್ಲ, ಒಟ್ಟಿಗೆ, ಒಲೆಗಳನ್ನು ಆರಿಸಿ, ಕೋಟು ಹಾಕಿಕೊಂಡೇ ಬಂದು ಕೂತರು. ಒಳಗೆ ಇದ್ದಬದ್ದ ಗಿರಾಕಿಗಳು ಖಾಲಿ ತಟ್ಟೆ ನೋಡುತ್ತ ಕೂತಿದ್ದರು. ಅಣ್ಣ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದ.

"ಏಳ್ರೋ ಎಲ್ರೂ. ಒಳಗೆ ಜನ ಕಾಯ್ತಿದ್ದಾರೆ."

"ಊಟಕ್ಕೆ ಕೂತಿದ್ದೀವಿ ಸಾರ್. ಕೆಲಸದಿಂದ ತೆಗೆದಿದ್ದು ನೀವೇ ಅಲ್ವಾ?" ಎಂದ ಮೀಸೆ ಮಾಮ, ಬ್ರೆಡ್ಡು ಅದ್ದುತ್ತ.

ಅಣ್ಣ ನನ್ನ ಕಡೆ ತಿರುಗಿದ. ಅವನ ದನಿ ಇಳಿದುಹೋಗಿತ್ತು.

"ಅಪ್ಪನ ಹೋಟ್ಲು ಕಣೇ ಅದು. ಮುಚ್ಚಿಸ್ಬೇಡ."

ನನ್ನ ಕೈಯ ಸೌಟು ನಿಂತಿತು. ಅಪ್ಪನ ಹೆಸರೆತ್ತಿದರೆ ನಿಲ್ಲದೆ ಇರುತ್ತದೆಯೇ? ತಪ್ಪಾಯ್ತು ಎಂಬ ಒಂದು ಮಾತು ಆಡಿದ್ದರೆ ಅವರನ್ನೆಲ್ಲ ನಾನೇ ಎಬ್ಬಿಸಿ ಕಳಿಸುತ್ತಿದ್ದೆನೋ ಏನೋ. ಅವನು ಆಡಲಿಲ್ಲ. ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, ಬೇಕಾದರೆ ಬಂದು ಅಡುಗೆ ಮಾಡು, ಹಿಂದಿನ ಬಾಗಿಲಿಂದ ಬಾ, ಗಿರಾಕಿಗಳ ಕಣ್ಣಿಗೆ ಬೀಳಬೇಡ ಎಂದ. ಅಷ್ಟು ಸಾಕಾಯಿತು ನನಗೆ.

ಅಷ್ಟರಲ್ಲಿ ಅವನ ಹೋಟೆಲಿನಿಂದಲೇ ಎದ್ದು ಬಂದ ದಂಪತಿ ಅವನ ಬೆನ್ನ ಹಿಂದೆ ನಿಂತು, ಇಬ್ಬರಿಗೆ ಜಾಗ ಇದೆಯೇ ಎಂದು ಕೇಳಿದರು. ಗಂಡಸಿನ ಕೊರಳಲ್ಲಿ ಅಣ್ಣನ ಹೋಟೆಲಿನ ಬಾಯಿ ಒರೆಸುವ ಬಿಳೀ ಬಟ್ಟೆ ಇನ್ನೂ ಹಾಗೇ ನೇತಾಡುತ್ತಿತ್ತು. ನಾನು ತಟ್ಟೆಗಳನ್ನು ಕೈಗೆ ತೆಗೆದುಕೊಂಡೆ.

"ಅಣ್ಣಾ, ಸ್ವಲ್ಪ ಪಕ್ಕಕ್ಕೆ ನಿಂತ್ಕೋ. ಗಿರಾಕಿ ಬಂದಿದ್ದಾರೆ."

ಅವನು ಪಕ್ಕಕ್ಕೆ ಸರಿದು ನಿಂತ.