ನಗಬೇಕು, ತಲೆಯಾಡಿಸಬೇಕು

ಕೀಚ್, ಮತ್ತೆ ಕೀಚ್, ಈ ಚಪ್ಪಲಿಗೆ ಇವತ್ತೇ ಬಾಯಿ ಬರಬೇಕಿತ್ತೇ, ಮನೆಯಿಂದ ಇಲ್ಲಿಯವರೆಗೆ ತೆಪ್ಪಗಿದ್ದದ್ದು ಶಾಲೆಯ ನುಣ್ಣನೆಯ ನೆಲ ಕಂಡದ್ದೇ ತಡ ಶುರುಹಚ್ಚಿಕೊಂಡಿತು, ಪೋಷಕರ ಸಭೆಗೆಂದು ಕಾರಿಡಾರಿನ ಉದ್ದಕ್ಕೂ ಬೆಂಚುಗಳಲ್ಲಿ ಕೂತ ಅಪ್ಪ ಅಮ್ಮಂದಿರೆಲ್ಲ ತನ್ನ ಪಾದವನ್ನೇ ನೋಡುತ್ತಿದ್ದಾರೆ ಅನ್ನಿಸಿ ಅವಳು ಬೆರಳು ಮಡಚಿಕೊಂಡು ಕಳ್ಳಬೆಕ್ಕಿನ ಹಾಗೆ ಸರಸರ ನಡೆದಳು, ನಿಜ ಹೇಳಬೇಕೆಂದರೆ — ತನಗೆ ತಾನೇ ಹೇಳಿಕೊಳ್ಳುವುದಕ್ಕೇನು, ಕೇಳುವವರು ಯಾರಿದ್ದಾರೆ — ಹೆದರಿಕೆಯೆಲ್ಲ ಗಂಟಲಿನದು, ಹೊಸಬರ ಮುಂದೆ ಬಾಯಿ ತೆರೆದಾಗಲೆಲ್ಲ ಅವಳ ಗಂಟಲೂ ಹೀಗೇ ಕೀಚ್ ಅನ್ನುತ್ತದೆ, ಪದವಿ ಮುಗಿಸಿ ಮನೆಯಲ್ಲಿ ಕೂತ ಇಷ್ಟೆತ್ತರದ ಹೆಣ್ಣಿನ ಗಂಟಲು. ಧೈರ್ಯಕ್ಕೇನೂ ಕೊರತೆಯಿಲ್ಲ, ಒಳಗೆ ಮೂಟೆಗಟ್ಟಲೆ ಇದೆ, ಹೊರಗೆ ಬರುವ ಬಾಗಿಲು ಮಾತ್ರ ಇಕ್ಕಟ್ಟು, ದಿನಚರಿ ಬರೆಯಲು ಕೂತರೆ ಅವಳು ಎಂತೆಂಥವರ ಬಾಯಿ ಮುಚ್ಚಿಸಿಲ್ಲ, ಪ್ರಮಾಣಪತ್ರ ಕೊಡಲು ಸತಾಯಿಸಿದ ಗುಮಾಸ್ತನದು, ಮದುವೆ ಯಾವಾಗ ಎಂದು ಮೆಟ್ಟಿಲಲ್ಲೇ ಅಡ್ಡಗಟ್ಟುವ ಮೇಲಿನ ಮನೆಯಾಕೆಯದು, ಎಲ್ಲರದೂ, ಅಲ್ಪವಿರಾಮ ಪೂರ್ಣವಿರಾಮಗಳ ಸಮೇತ, ಅವರಿಗೆ ಮಾತ್ರ ಅದು ಗೊತ್ತಿಲ್ಲ. ಅಕ್ಕಾ ಮೆಲ್ಲಗೆ, ರೈಲು ತಪ್ಪಿಹೋಗ್ತಿದೆಯಾ, ಎಂದಳು ಪಟಾಕಿ, ಏಳನೇ ತರಗತಿಯ ತಂಗಿ, ಮನೆಯಲ್ಲಿ ಒಂದು ನಿಮಿಷ ಸುಮ್ಮನಿರದವಳು, ಅದಕ್ಕೇ ಆ ಹೆಸರು. ಅವಳು ತಂಗಿಯ ಬಲಗಡೆಗೆ ಬಂದಳು, ಇದು ಯೋಚಿಸಿ ಮಾಡಿದ್ದಲ್ಲ, ಮನೆಯವರ ಕಾಲುಗಳಿಗೇ ಗೊತ್ತು, ರಸ್ತೆಯಲ್ಲಾಗಲಿ ಊಟದ ಮೇಜಿನಲ್ಲಾಗಲಿ ಪಟಾಕಿಯ ಬಲಗಡೆಗೇ ಇರಬೇಕು, ಹಿಂದೊಮ್ಮೆ ಬಂದ ಜ್ವರ ಅವಳ ಎಡಗಿವಿಯನ್ನು ತಿಂದುಹಾಕಿದಾಗಿನಿಂದ, ಎಡಗಡೆ ನಿಂತು ಮಾತಾಡಿದರೆ ಗೋಡೆಗೆ ಹೇಳಿದ ಹಾಗೆ, ಗೋಡೆಯಾದರೂ ಸುಮ್ಮನಿರುತ್ತದೆ, ಇವಳು ನಗುತ್ತಾಳೆ, ತಲೆಯಾಡಿಸುತ್ತಾಳೆ.

ಅದು ಅಜ್ಜಿ ಕಲಿಸಿದ ವಿದ್ಯೆ. ಅಜ್ಜಿಗೂ ಕೊನೆಕೊನೆಗೆ ಕಿವಿ ಮಂದ, ಕೇಳಿಸ್ಲಿಲ್ಲ ಅಂತ ಹತ್ತು ಸಲ ಕೇಳಿದ್ರೆ ಜನಕ್ಕೆ ಬೇಜಾರಾಗತ್ತೆ ಮಗಾ, ನಗಬೇಕು, ತಲೆಯಾಡಿಸಬೇಕು, ಎಂಥ ಒಳ್ಳೆ ಹುಡುಗಿ ಅಂತಾರೆ ನೋಡು, ಎನ್ನುತ್ತಿದ್ದಳು, ಮೂಲೆಯ ಕುರ್ಚಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಅಭ್ಯಾಸ ಮಾಡುತ್ತಿದ್ದರು, ಗಲ್ಲ ಒಂಚೂರು ಕೆಳಗೆ, ಕಣ್ಣು ಸಣ್ಣಗೆ, ಹೌದು ಹೌದು — ಹಾಗೇ ತಲೆಯಾಡಿಸಿ ಆಡಿಸಿ ಅಜ್ಜಿ ಒಮ್ಮೆ ಪಕ್ಕದ ಮನೆಯವರ ಎರಡು ನಾಯಿಗಳನ್ನು ಒಂದು ವಾರ ಸಾಕಿಕೊಳ್ಳಲು ಒಪ್ಪಿಬಿಟ್ಟಿದ್ದಳು, ಅವರು ಹಗ್ಗ ಕೈಗಿತ್ತು ಹೋದಮೇಲೆ, ಇವು ಯಾರವೇ, ಎಂದು ಕೇಳಿದ್ದಳು. ಆಗ ನಕ್ಕಿದ್ದೇ ನಕ್ಕಿದ್ದು. ಈಗ ನಗು ಬರುವುದಿಲ್ಲ, ಈಗ ಇದು ಹೈಸ್ಕೂಲಿನ ಪ್ರಶ್ನೆ, ಮೈದಾನದ ಆಚೆ ಕಾಣುವ ಆ ಕಟ್ಟಡ, ಏಳನೆಯದು ಮುಗಿಸಿದ ಮಕ್ಕಳಲ್ಲಿ ಯಾರು ಮೈದಾನ ದಾಟಬೇಕು, ಯಾರು ಬೇರೆ ಶಾಲೆ ಹುಡುಕಿಕೊಳ್ಳಬೇಕು ಎನ್ನುವುದನ್ನು ದೊಡ್ಡ ಮೇಡಂ ತರಗತಿಯ ಮಿಸ್ಸಿನ ಒಂದು ಮಾತು ಕೇಳಿ ತೀರ್ಮಾನ ಮಾಡುತ್ತಾರೆ, ಅಂಕ ಆಮೇಲೆ, ನಡತೆ ಮೊದಲು, ಅಕ್ಕ ಇಲ್ಲಿ ಓದುವಾಗಲೂ ಹಾಗೇ ಇತ್ತು, ಅವಳ ಬಗ್ಗೆ ಮಿಸ್ ಹೇಳಿದ್ದು ಒಂದೇ ಪದ, ಶಾಂತ, ಅಷ್ಟಕ್ಕೇ ಮೈದಾನ ದಾಟಿಬಿಟ್ಟಳು, ಹೈಸ್ಕೂಲಿನಲ್ಲೂ ಶಾಂತ, ಕಾಲೇಜಿನಲ್ಲೂ ಶಾಂತ, ಇನ್ನೂ ಸ್ವಲ್ಪ ಶಾಂತವಾಗಿದ್ದರೆ ಹಾಜರಿ ಕೂಗುವಾಗ ಅವಳಿದ್ದಾಳೆಂಬುದೇ ಮರೆತುಹೋಗುತ್ತಿತ್ತು. ನೀನೇ ಹೋಗು, ಓದಿದವಳು, ಎಂದಿದ್ದಳು ಅಮ್ಮ ಬೆಳಿಗ್ಗೆ, ಆಸ್ಪತ್ರೆಯ ಲಾಂಡ್ರಿಗೆ ಹೊರಡುವ ಅವಸರದಲ್ಲಿ ಕೂದಲು ಕಟ್ಟಿಕೊಳ್ಳುತ್ತ, ಕ್ಲಿಪ್ಪು ಹಲ್ಲಿನಲ್ಲಿ ಕಚ್ಚಿಕೊಂಡೇ, ಏನು ಬೈದ್ರೂ ಹೂಂ ಅನ್ನು, ತಪ್ಪಾಯ್ತು ಅನ್ನು, ಬಂದ್ಬಿಡು, ಆ ವಿಷಯ ಮಾತ್ರ ಎತ್ತಬೇಡ, ಎತ್ತಿದ್ರೆ ನೋಡು — ಅಮ್ಮನದು ಹುಂಬತನವೆನ್ನಲಾಗದು, ಹಿಂದಿನ ಶಾಲೆಯಲ್ಲಿ ಎತ್ತಿ ನೋಡಿದವಳು ಅವಳೇ, ಅಲ್ಲಿ ಕೇಳಿದ್ದೇ ತಡ ಅಯ್ಯೋ ಪಾಪ ಅಂದರು, ಇಂಥ ಮಕ್ಕಳಿಗೆ ಬೇರೆ ಕಡೆ ಇದೆಯಲ್ಲ ಅಂದರು, ತರಗತಿಯ ಮಕ್ಕಳಿಗೆ ಹೇಗೋ ತಿಳಿದು ಒಬ್ಬೊಬ್ಬರಾಗಿ ಎಡಗಡೆಯಿಂದ ಬಂದು ಏನೇನೋ ಉಸುರಿ ಓಡುವ ಆಟ ಕಟ್ಟಿಕೊಂಡರು, ಪಟಾಕಿ ಮನೆಗೆ ಬಂದು ಕಿವಿಗೆ ಟೋಪಿ ಎಳೆದುಕೊಂಡು ಕೂತವಳು ಊಟಕ್ಕೂ ತೆಗೆಯಲಿಲ್ಲ. ಆಗ ಅಮ್ಮ ಶಾಲೆ ಬದಲಿಸಿದಳು, ಬಾಯಿಗೆ ಹೊಲಿಗೆ ಹಾಕಿದಳು. ಅಮ್ಮನ ಲೆಕ್ಕ ಸರಿಯಾಗಿಯೇ ಇತ್ತು, ಈ ವರ್ಷದ ರಜೆಯವರೆಗೆ.

ನಂ ಸರದಿ ಯಾವಾಗ ಬರತ್ತೋ ದೇವರೇ ಬಲ್ಲ, ಎಂದರು ಪಕ್ಕದಲ್ಲಿ ಕೂತವರು, ಬಸ್ಸು ಓಡಿಸುವವರಂತೆ, ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತ, ನೋಡಮ್ಮ, ದಿನಾ ಬೆಳಗಾದ್ರೆ ಒಂದು ಬಸ್ಸು ಜನಾನ ಗದರಿಸ್ತೀನಿ, ಒಳಗೆ ಹೋಗ್ರಿ ಒಳಗೆ ಹೋಗ್ರಿ ಅಂತ, ಇಲ್ಲಿ ಬಂದ್ರೆ ನಂಗೇ ಒಳಗೆ ಹೋಗೋಕೆ ಭಯ, ಮಿಸ್ಸು ಕನ್ನಡಕ ಇಳಿಸಿ ನೋಡಿದ್ರೆ ಸಾಕು, ನಾನೇ ಹೋಂವರ್ಕ್ ಮಾಡಿಲ್ಲ ಅನ್ನಿಸ್ಬಿಡತ್ತೆ. ಅವಳು ನಕ್ಕಳು, ತಲೆಯಾಡಿಸಿದಳು — ಅರೆ, ತಾನೂ ಅದನ್ನೇ ಮಾಡುತ್ತಿದ್ದೇನಲ್ಲ, ಎರಡೂ ಕಿವಿ ನೆಟ್ಟಗಿದ್ದು. ರಜೆ ಮುಗಿದ ಮೊದಲ ದಿನ ಈ ಶಾಲೆಯಲ್ಲಿ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಎತ್ತರ ನೋಡಿ ಜಾಗ ಬದಲಿಸುತ್ತಾರೆ, ಕುಳ್ಳರು ಮುಂದೆ, ಉದ್ದದವರು ಹಿಂದೆ, ಅಲ್ಲಿಯವರೆಗೆ ಪಟಾಕಿಯದು ಎಡಗೋಡೆಯ ಮುಂದಿನ ಬೆಂಚು, ಅವಳೇ ಮೊದಲ ದಿನ ಓಡಿಹೋಗಿ ಹಿಡಿದದ್ದು, ಬಲಗಿವಿಗೆ ಇಡೀ ತರಗತಿ ಸಿಗುತ್ತಿತ್ತು, ರಜೆಯಲ್ಲಿ ಈ ಹುಡುಗಿ ಬಿದಿರಿನ ಹಾಗೆ ಬೆಳೆದದ್ದೇ ತಪ್ಪಾಯಿತು, ಈಗ ಬಲಗೋಡೆಯ ಕೊನೆಯ ಬೆಂಚು, ಪಕ್ಕದಲ್ಲಿ ಕಿಟಕಿ, ಬಲಗಿವಿಗೆ ಮೈದಾನದ ಗಲಾಟೆ, ಎಡಗಿವಿಗೆ ಪಾಠ, ಅಂದರೆ ಯಾವುದಕ್ಕೂ ಇಲ್ಲ. ಅದನ್ನು ಯಾರಿಗೂ ಹೇಳುವಂತಿಲ್ಲ, ಆದ್ದರಿಂದ ನಗು, ಆದ್ದರಿಂದ ತಲೆಯಾಡಿಸುವುದು. ಈ ಪಾಠ ನಾಳೆ ಓದಿಕೊಂಡು ಬಾ — ಹೌದು ಹೌದು. ಆ ಪುಸ್ತಕ ತಂದಿದೀಯಾ — ಹೌದು ಹೌದು. ನಿನ್ನೆ ಸಂಜೆ ಮೆಟ್ಟಿಲ ಮೇಲೆ ಕೂತು ಶೂ ಒರೆಸುತ್ತಿದ್ದ ಪಟಾಕಿ ಇದ್ದಕ್ಕಿದ್ದಂತೆ ಅಂದಿದ್ದಳು, ಕಿವುಡಿ ಅಂದ್ರೆ ಅನ್ಲಿ ಅಕ್ಕ, ಅದು ನಿಜ ತಾನೇ, ಕೊಬ್ಬು ಅಂತಾರಲ್ಲ, ಅದು ಸುಳ್ಳು, ಸುಳ್ಳನ್ನ ಯಾಕೆ ಅನ್ನಿಸ್ಕೋಬೇಕು, ಮಿಸ್ಸಿಗೆ ನಾನು ಹೇಳಿದ್ರೆ ಅಮ್ಮ ಅಳ್ತಾಳೆ, ನೀನು ಹೇಳಿದ್ರೆ ಬೈತಾಳೆ ಅಷ್ಟೆ, ಬೈಸ್ಕೊಂಡು ಬಿಡು. ಎಂಥ ಸಲೀಸು. ಬೈಸಿಕೊಳ್ಳುವುದು ಕಷ್ಟವೇನಲ್ಲ, ಅದರಲ್ಲಿ ಅವಳು ನುರಿತವಳು, ಮೊದಲು ಹೇಳಬೇಕಲ್ಲ, ಒಬ್ಬರ ಮುಖ ನೋಡಿ, ಬಾಯಿಬಿಟ್ಟು. ಆಗಲಿ, ಹೇಳುತ್ತಾಳೆ. ಹೇಳುವುದು ಖಂಡಿತ. ಅವಳು ಬೆಳಿಗ್ಗೆ ಕನ್ನಡಿಯ ಮುಂದೆಯೇ ನಿರ್ಧರಿಸಿಯಾಗಿದೆ, ಅಮ್ಮ ಕ್ಲಿಪ್ಪು ಕಚ್ಚಿಕೊಂಡು ಮಾತಾಡುತ್ತಿರುವಾಗಲೇ, ಹೂಂ ಹೂಂ ಎನ್ನುತ್ತಲೇ.

ಮುಂದಿನವರು, ಎಂದಿತು ಒಳಗಿನ ದನಿ, ದನಿಯೆಂದರೆ ದನಿಯ ಉಳಿಕೆ, ವರ್ಷಗಟ್ಟಲೆ ಮಕ್ಕಳಿಗೆ ಕೂಗಿ ಕೂಗಿ ಒಡೆದುಹೋದದ್ದು, ಮಿಸ್ ಬಾಯಲ್ಲಿ ಕೆಮ್ಮಿನ ಗುಳಿಗೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸುತ್ತ ಕುರ್ಚಿ ತೋರಿಸಿದರು, ಕುರ್ಚಿ ಒಂದೇ, ಮೇಜಿನ ಈ ತುದಿಗೆ, ನೀನಿಲ್ಲಿ ನಿಂತ್ಕೋ ಅಂತ ಪಟಾಕಿಯನ್ನು ಕಿಟಕಿಯ ಕಡೆ ನಿಲ್ಲಿಸಿದರು, ಅಕ್ಕನ ಕಾಲುಗಳು ಒಮ್ಮೆ ಗಲಿಬಿಲಿಗೊಂಡವು, ಎಡಗಡೆ, ತಾನು ತಂಗಿಯ ಎಡಗಡೆ ಕೂರಬೇಕಾಯಿತು, ಕುರ್ಚಿಯನ್ನು ಎತ್ತಿ ಆಚೆ ಹಾಕಿಕೊಳ್ಳಬಹುದೇ, ಬೇಡ, ಮೊದಲ ಮಾತೇ ಕುರ್ಚಿಯದಾಗುತ್ತದೆ. ಅಮ್ಮ ಬರಲಿಲ್ವಾ. ಕೆಲಸ, ಮಿಸ್. ನೀವು. ಅಕ್ಕ. ಓ, ನೀವೂ ಇದೇ ಶಾಲೆ ಅಲ್ವಾ, ತುಂಬಾ ಶಾಂತ ಅಂತಿದ್ರು ಹಳೆಯ ಮಿಸ್ಸು, ಇವಳಿಗೆ ನಿಮ್ಮ ಗುಣ ಒಂಚೂರೂ ಬಂದಿಲ್ವಲ್ಲ. ಮಿಸ್ ಕೆಟ್ಟವರಲ್ಲ, ಕಣ್ಣ ಕೆಳಗೆ ಕಪ್ಪು, ಬೆರಳ ತುದಿಯಲ್ಲಿ ಸೀಮೆಸುಣ್ಣ, ಇನ್ನೂ ಕಾರಿಡಾರಿನ ತುಂಬ ಜನ, ಬೈಯುವುದಕ್ಕೂ ಅವರಿಗೆ ತ್ರಾಣವಿಲ್ಲ, ಮಕ್ಕಳು ಗಲಾಟೆ ಮಾಡ್ತಾರೆ, ಅದಕ್ಕೆ ಮದ್ದಿದೆ, ಇವಳು ಗಲಾಟೇನೇ ಮಾಡಲ್ಲ, ನಾನು ಏನು ಹೇಳಿದ್ರೂ ಮುಖ ನೋಡಿ ನಗ್ತಾಳೆ, ಹೂಂ ಅಂತ ತಲೆಯಾಡಿಸ್ತಾಳೆ, ಮಾರನೇ ದಿನ ನೋಡಿದ್ರೆ ಒಂದಕ್ಷರ ಮಾಡಿರಲ್ಲ, ರಜೆಗೆ ಮುಂಚೆ ಹೀಗಿರ್ಲಿಲ್ಲ, ಮೊನ್ನೆ ತಡೆಯೋಕಾಗ್ಲಿಲ್ಲ, ಎಲ್ಲರೆದುರಿಗೂ ಕೇಳಿದೆ, ಏನಮ್ಮ ನನ್ನನ್ನ ಆಡ್ಕೋತಿದೀಯಾ ಅಂತ, ಏನು ಮಾಡಿದ್ಲು ಗೊತ್ತಾ, ನಕ್ಲು, ತಲೆಯಾಡಿಸಿದ್ಲು, ಇಡೀ ಕ್ಲಾಸು ಹೋ ಅಂತು, ನನ್ನ ಮರ್ಯಾದೆ ಏನಾಗ್ಬೇಕು ಹೇಳಿ. ಹೇಳುತ್ತೇನೆ, ಹೇಳುತ್ತೇನೆ, ಎಲ್ಲ ಸಾಲಾಗಿ ಜೋಡಿಸಿಟ್ಟಿದೆ ಒಳಗೆ, ಕಿಟಕಿ, ಗೋಡೆ, ಬೆಂಚು, ಅಜ್ಜಿಯ ಕುರ್ಚಿ, ಟೋಪಿ, ಮಿಸ್ ನಿಮ್ಮ ತಪ್ಪೂ ಅಲ್ಲ, ಅವಳ ತಪ್ಪೂ ಅಲ್ಲ, ಅವಳನ್ನು ಎಡಗೋಡೆಯ ಮುಂದಿನ ಬೆಂಚಿಗೆ ಕೂರಿಸಿ ನೋಡಿ, ಒಂದೇ ಒಂದು ವಾರ, ಅವಳಷ್ಟು ಪ್ರಶ್ನೆ ಕೇಳುವವರು ಇನ್ನೊಬ್ಬರು ಸಿಕ್ಕರೆ ನನ್ನ ಹೆಸರು ಬದಲಾಯಿಸಿ, ಎಂಥ ಸೊಗಸಾದ ಭಾಷಣ, ದಿನಚರಿಯಾಗಿದ್ದರೆ ಇಷ್ಟರಲ್ಲಿ ಮಿಸ್ ಎದ್ದು ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಹೊರಗೆ ಆದದ್ದಿಷ್ಟು — ತುಟಿ ತೆರೆಯಿತು, ನಾಲಿಗೆಯ ತುದಿಗೆ ಬಂದು ಕೂತದ್ದು ಅಮ್ಮನ ತಪ್ಪಾಯ್ತು, ಸುಲಭವಾದ, ಮೆತ್ತಗಿನ ಪದ, ಅಂದುಬಿಟ್ಟರೆ ಎದ್ದು ಹೋಗಬಹುದು. ಮೈದಾನದಲ್ಲಿ ಮಕ್ಕಳು ಕಿರುಚುತ್ತಿದ್ದಾರೆ, ಚೆಂಡು ಯಾವುದೋ ತಗಡಿಗೆ ಬಡಿದು ಧಡ್ ಅಂತು, ಮಿಸ್ ಗುಳಿಗೆಯನ್ನು ಕಡಿದು ನುಂಗಿ, ಕನ್ನಡಕ ಇಳಿಸಿ ಹೇಳಿದರು, ನೋಡಿ, ನಾಳೆ ದೊಡ್ಡ ಮೇಡಂ ಕೇಳಿದ್ರೆ ನಾನು ಇದ್ದದ್ದು ಹೇಳ್ಬೇಕಾಗತ್ತೆ, ಇಂಥವರು ನಮಗೆ ಹೈಸ್ಕೂಲಿಗೆ ಬೇಡ ಅಂತಲೇ ಹೇಳ್ತೀನಿ, ನೀವು ಬೇರೆ ಶಾಲೆ ನೋಡ್ಕೊಳ್ಳೋದು ಒಳ್ಳೇದು, ಏನಂತೀರಿ.

ಏನಂತೀರಿ. ಅವಳು ತಂಗಿಯ ಕಡೆ ನೋಡಿದಳು, ಇಸ್ತ್ರಿಯ ಗೆರೆ ಕೆಡದ ತೋಳು, ಎಡಗೆನ್ನೆ, ಎಡಗಿವಿ, ಸಣ್ಣಗೆ ಚೆಂದಗೆ ಇರುವ ಕಿವಿ, ನೋಡಿದವರು ಯಾರೂ ಹೇಳಲಾರರು, ಪಟಾಕಿಗೆ ಅರ್ಧ ಕೇಳಿಸಿದೆ ಅರ್ಧ ಇಲ್ಲ, ಮಿಸ್ಸಿನ ಒಡೆದ ದನಿ ಮೈದಾನದ ಕೂಗಿನಲ್ಲಿ ಮುಳುಗಿ ಏಳುತ್ತಿದೆ, ಮುಖದಿಂದ ಮುಖಕ್ಕೆ ನೋಡುತ್ತ ನಗುವಿಗೆ ಸಿದ್ಧವಾಗಿ ನಿಂತಿದ್ದಾಳೆ, ಎಲ್ಲಿ ಒಪ್ಪಿಗೆ ಬೇಕೋ ಅಲ್ಲಿ ಕೊಡಲು, ತನ್ನನ್ನು ಹೊರಗೆ ಹಾಕುವುದಕ್ಕೂ ಒಪ್ಪಿಗೆ ಕೊಟ್ಟುಬಿಡುತ್ತಾಳೆ ಈ ಹುಡುಗಿ, ಹೌದು ಹೌದು ಎಂದು, ಗಲ್ಲ ಒಂಚೂರು ಕೆಳಗೆ, ಕಣ್ಣು ಸಣ್ಣಗೆ — ಬೇಡ, ಇದು ಸಾಕು, ಇಬ್ಬರೂ ಬೇಕಾದಷ್ಟು ತಲೆಯಾಡಿಸಿದ್ದೇವೆ — ಮಿಸ್, ಎಂದಳು ಅವಳು, ಮೆಲ್ಲಗೇ ಬಂತು ದನಿ, ಮೆಲ್ಲಗೆ ಬಂದರೂ ಎಲ್ಲೂ ಮುರಿಯದೆ ಬಂತು, ಇವಳಿಗೆ ಎಡಗಿವಿ ಕೇಳಿಸೋದಿಲ್ಲ. ಮಿಸ್ ಇಳಿಸಿದ ಕನ್ನಡಕವನ್ನು ಮತ್ತೆ ಏರಿಸಿಕೊಂಡರು. ಅವರ ಕಣ್ಣು ಪಟಾಕಿಯತ್ತ ಹೋಯಿತು, ಅಕ್ಕನದೂ ಹೋಯಿತು, ಎಡಗಡೆಯಿಂದ ಅಕ್ಕ ಏನೋ ಅಂದದ್ದು ಪಟಾಕಿಗೆ ಮಿಸ್ಸಿನ ಮುಖ ನೋಡಿ ಗೊತ್ತಾಗಿತ್ತು, ಏನೆಂದು ಗೊತ್ತಾಗಿರಲಿಲ್ಲ, ಅವಳು ಇಬ್ಬರನ್ನೂ ಒಮ್ಮೆ ನೋಡಿ, ನಕ್ಕು, ತಲೆಯಾಡಿಸಿದಳು.