ರಾಚವ್ವನ ಮೋಟಾರಿಗೆ ತಾಗಿದ ನೆದರು

ಚಕ್ಕಡಿ ಬಿಟ್ಟರೆ ಟಾಂಗಾ, ಟಾಂಗಾ ಬಿಟ್ಟರೆ ಕಾಲ್ನಡಿಗೆ ಎನ್ನುವ ಆ ದಿನಗಳಲ್ಲಿ ಬೈಲಹೊಂಗಲಕ್ಕೆ ಒಂದಲ್ಲ, ಒಟ್ಟಿಗೇ ಎರಡು ಮೋಟಾರು ಬಂದವು ನೋಡಿ! ಅರಳೆ ವ್ಯಾಪಾರದ ಅಂದಾನೆಪ್ಪನವರದೊಂದು, ಅವರ ಪಾಲುದಾರ ಉಳವಪ್ಪನವರದೊಂದು. ಒಂದೇ ಕಂಪನಿ, ಒಂದೇ ಬಣ್ಣ. ಬೆಳಗಾವಿಯಿಂದ ಒಂದರ ಹಿಂದೊಂದು ಧೂಳೆಬ್ಬಿಸುತ್ತ ಬಂದಾಗ ಊರಿಗೆ ಊರೇ ಬಾಯಿ ಬಿಟ್ಟು ನಿಂತಿತ್ತು.

ಅಂದಾನೆಪ್ಪನವರ ಹೆಂಡತಿ ರಾಚವ್ವನಿಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಉಳವಪ್ಪನವರ ಹೆಂಡತಿ ಸುಂದರವ್ವ ಬೇರೆ ಯಾರೂ ಅಲ್ಲ. ರಾಮದುರ್ಗದಲ್ಲಿ ಒಂದೇ ಓಣಿಯಲ್ಲಿ ಗಜಗ ಆಡಿ ಬೆಳೆದ ಗೆಳತಿ. ಮದುವೆಯಾಗಿ ಒಂದೇ ಊರು ಸೇರಿದ ಪುಣ್ಯ ಸಾಲದು ಎಂಬಂತೆ ಈಗ ಮೋಟಾರೂ ಜೋಡಿಯಾಗಿ ಬಂದಿದ್ದವು.

ಆದರೆ ಇಂಥ ಹೊಸ ಸೊತ್ತನ್ನು ಊರ ಕಣ್ಣು, ಊರ ನೆದರು ಬಿಡುತ್ತದೆಯೇ? ಮೋಟಾರು ಕಿತ್ತೂರಿಗೆ ಹೋಗಿ ಬರಲಿ, ಸವದತ್ತಿಗೆ ಹೋಗಿ ಬರಲಿ, ಮನೆ ಮುಂದೆ ನಿಂತದ್ದೇ ತಡ, ರಾಚವ್ವ ಹಿಡಿ ತುಂಬ ಹರಳುಪ್ಪು ತಂದು ಸುತ್ತಲೂ ದೃಷ್ಟಿ ತೆಗೆಯುವಳು. ಆ ಉಪ್ಪನ್ನು ಗಾಲಿಯ ಮೇಲಿನ ತಗಡಿಗೂ ಹತ್ತುವ ಪಾವಟಿಗೆಗೂ ಎರಚಿ, ಮೇಲೆ ತಂಬಿಗೆ ನೀರು ಚಿಮುಕಿಸುವಳು. ಉಪ್ಪು ಕರಗಿದ ಹಾಗೆ ಕೆಟ್ಟ ಕಣ್ಣೂ ಕರಗಬೇಕು, ಅದಕ್ಕೇ ಒರೆಸುವಂತಿರಲಿಲ್ಲ. ಡ್ರೈವರ್ ಸೋಮಪ್ಪ ಅರಿವೆ ಹಿಡಿದು ಬಂದರೆ, "ಕೈ ಹಚ್ಚಿಗಿಚ್ಚೀಯಪಾ, ಹುಷಾರ್!" ಎಂದು ಗದರುವಳು. ಸಾಲದ್ದಕ್ಕೆ ಸೀಟಿನ ಕೆಳಗೊಂದು ಉಪ್ಪಿನ ಗಂಟು ಬೇರೆ.

ಸುಂದರವ್ವನದು ಇನ್ನೊಂದು ಹುಚ್ಚು. ಮೋಟಾರೆಂದರೆ ಅವಳಿಗೆ ಮನೆಯ ಎತ್ತೇ. ಮೈ ತೊಳೆಸಿ, ಒಣ ಅರಿವೆಯಿಂದ ಒರೆಸಿ, ಕೋಡಿಗೆ ಹಚ್ಚಿದಂತೆ ಅಗಸೆ ಎಣ್ಣೆ ತಿಕ್ಕುವಳು. ಮೇಲೆ, ಕೆಳಗೆ, ಸಂದಿಗೊಂದಿಗೆಲ್ಲ!

"ಏ ಸುಂದ್ರಿ, ಮೋಟಾರಿಗೆ ಒಗ್ಗರಣಿ ಹಾಕಾಕ ಹತ್ತೀಯೇನ?" ಎಂದು ರಾಚವ್ವ ಹೊಟ್ಟೆ ಹಿಡಿದು ನಗುತ್ತಿದ್ದಳು.

ಮಳೆಗಾಲ ಬಂತು. ರಾಚವ್ವನ ಮೋಟಾರಿನ ಅಂಚಿನಲ್ಲಿ ಕೆಂಪು ಚುಕ್ಕೆ ಕಾಣಿಸಿಕೊಂಡಿತು. ಚುಕ್ಕೆ ಹುಣ್ಣಾಯಿತು, ಹುಣ್ಣು ತೂತಾಯಿತು. ಮಹಾತಾಯಿ ಏನು ಮಾಡಿದಳು ಅಂತೀರಿ? ಉಪ್ಪು ಹೆಚ್ಚಿಸಿದಳು! ಜಂಗು, ಅದೇ ತುಕ್ಕು, ಇನ್ನೂ ಜೋರಾಯಿತು. ಎದುರಿಗೆ ಸುಂದರವ್ವನ ಮೋಟಾರು ನಿನ್ನೆ ಬಂದದ್ದರ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಅದನ್ನು ನೋಡಿದಾಗಲೆಲ್ಲ ರಾಚವ್ವ ಇನ್ನೊಂದು ಹಿಡಿ ಉಪ್ಪು ತರಲು ಒಳಗೆ ಓಡುತ್ತಿದ್ದಳು.

ಕಿತ್ತೂರಿನಲ್ಲಿ ಬೀಗರ ಮನೆಯ ಬಸುರಿಯ ಕುಬಸಕ್ಕೆ ಇಬ್ಬರೂ ಹೊರಟ ದಿನ ಆಗಬಾರದ್ದು ಆಗಿಹೋಯಿತು. ಇಳಕಲ್ ಸೀರೆ ಉಟ್ಟು, ಓಣಿಯವರೆಲ್ಲ ನೋಡುತ್ತಿರುವಾಗ ರಾಚವ್ವ ಠೀವಿಯಿಂದ ಪಾವಟಿಗೆಯ ಮೇಲೆ ಕಾಲಿಟ್ಟಳು. ಪಾವಟಿಗೆ ಕರಕ್ಕೆಂದು ಹಪ್ಪಳದಂತೆ ಮುರಿಯಿತು. ರಾಚವ್ವ ದೊಪ್ಪೆಂದು ಮಣ್ಣಿನಲ್ಲಿ ಕುಂತಳು. ಸುಂದರವ್ವನಿಗೆ ನಗು ತಡೆಯಲಾಗಲಿಲ್ಲ.

"ನಗು, ನಗು!" ರಾಚವ್ವನ ಕಣ್ಣಲ್ಲಿ ಕಿಡಿ. "ಯಾರ ನೆದರ ಅಂತ ಈಗ ತಿಳೀತು. ನಿಂದು! ನಿನ್ನ ಕಣ್ಣ ನನ್ನ ಮೋಟಾರ ತಿಂದಾವು. ಇನ್ನ ಮ್ಯಾಲ ನನ್ನ ಹೊಸ್ತಿಲಾ ತುಳೀಬ್ಯಾಡ!"

ಸುಂದರವ್ವನ ಮುಖದ ನಗು ಅಲ್ಲೇ ಒಣಗಿತು. ಸೆರಗು ಹೊದ್ದುಕೊಂಡು ಹೊರಟುಹೋದಳು.

"ಹುಡುಗಾಟ ಆಡತೀಯೇನ? ಸಣ್ಣಂದಿನ ಗೆಳತಿ ಆಕಿ. ಹೋಗಿ ಕರಕೊಂಡ ಬಾ," ಎಂದು ಅಂದಾನೆಪ್ಪನವರು ಹೇಳಿ ನೋಡಿದರು.

"ಜಂಗ ಹಿಡದದ್ದು ನಂದಕ್ಕಷ್ಟ. ಆಕೀದಕ್ಕ ಯಾಕ ಹಿಡೀಲಿಲ್ಲ, ಹೇಳ್ರಿ ನೋಡೂಣು!" ಎಂದಳು ರಾಚವ್ವ.

ಮಾತೇನೋ ಬಿಟ್ಟಳು, ಆದರೆ ಎಲೆ ಅಡಿಕೆಯೂ ರುಚಿಸದಾಯಿತು. ಸಂಜೆಯಾದರೆ ಕಣ್ಣು ತಾನೇ ಬಾಗಿಲ ಕಡೆ ಹೋಗುತ್ತಿತ್ತು. ಸುಂದ್ರಿಯಿಲ್ಲದೆ ಊರೇ ಬಿಕೋ ಅನ್ನುತ್ತಿತ್ತು.

ಒಂದು ಮುಂಜಾನೆ ರಾಚವ್ವ ಮೂಲೆಯಲ್ಲಿದ್ದ ಹಳೆಯ ಉಪ್ಪಿನ ಗಡಿಗೆಗೆ ಕೈ ಹಾಕಿದಳು. ಸೊಸೆ ಬಾಯವ್ವ ಕಬ್ಬಿಣದ ಸೌಟನ್ನು ಮಳೆಗಾಲಕ್ಕೂ ಮುಂಚೆಯೇ ಅದರಲ್ಲಿ ಮರೆತುಬಿಟ್ಟಿದ್ದಳು. ಎಳೆದರೆ ಹಿಡಿಕೆಯಷ್ಟೇ ಕೈಗೆ ಬಂತು! ಉಳಿದದ್ದು ಕೆಂಪು ಪುಡಿ.

"ಅಲ್ಲ ಬಾಯವ್ವಾ, ಉಪ್ಪಿನಾಗ ಕಬ್ಬಿಣ ಇಡತಾರೇನ? ನಿಮ್ಮವ್ವ ಇದನ್ನೂ ಕಲಿಸಿಲ್ಲೇನ? ಮಳಿಗಾಲದಾಗ ನಾ ಕುಡಗೋಲಿಗೆ ಎಣ್ಣಿ ಸವರಿ ಇಡೂದ ನೋಡಿಲ್ಲ? ಉಪ್ಪು ಕಬ್ಬಿಣಾನ ತಿಂದಬಿಡತೈತಿ! ಸಣ್ಣ ಹುಡುಗೂರಿಗೂ ಗೊತ್ತೈ..."

ರಾಚವ್ವನ ಕಣ್ಣು ಕೈಯಲ್ಲಿದ್ದ ಹಿಡಿಕೆಯ ಮೇಲೆ ನೆಟ್ಟಿತು.

"ಅತ್ತೀ, ಏನಾತ್ರಿ?" ಬಾಯವ್ವ ಗಾಬರಿಯಾದಳು.

"ಅಯ್ಯ ಶಿವನೇ! ಎಣ್ಣಿ! ಉಪ್ಪು!" ರಾಚವ್ವ ಮುರಿದ ಹಿಡಿಕೆ ಹಿಡಿದುಕೊಂಡೇ ಹಿತ್ತಲಿಗೆ ಓಡಿದಳು. ತಲೆಯ ಮೇಲಿನ ಸೆರಗು ಜಾರಿದ್ದೂ ಅವಳಿಗೆ ತಿಳಿಯಲಿಲ್ಲ.

ಹಿತ್ತಲ ಚಪ್ಪರದಲ್ಲಿ ಮೋಟಾರು ನಿಂತಿತ್ತು. ಅದರ ಪಕ್ಕ, ಮುಷ್ಟಿ ಬಿಗಿದುಕೊಂಡು, ಸುಂದರವ್ವ!

"ಬೈಬ್ಯಾಡ ರಾಚಿ," ಎಂದಳು ಅವಳು. "ಹೊಸ್ತಿಲಾ ತುಳದಿಲ್ಲ, ಹಿತ್ತಲದಿಂದ ಬಂದೇನಿ. ಖರೇನ ನನ್ನ ಕಣ್ಣು ಬಿದ್ದಿದ್ರ ನನ್ನ ಕೈಲೇ ತಗದ ಹೋಗತೇನಿ." ಹಾಗೆಂದವಳೇ ಉಪ್ಪಿನ ಮುಷ್ಟಿಯನ್ನು ಮೇಲೆತ್ತಿದಳು.

"ಒಗೀಬ್ಯಾಡ!" ಓಣಿಗೆಲ್ಲ ಕೇಳುವಂತೆ ಚೀರಿದ ರಾಚವ್ವ ಹಾರಿ ಬಂದು ಗೆಳತಿಯ ಕೈ ಹಿಡಿದಳು. ಸೀಟು ಎತ್ತಿ ಗಂಟು ಕಿತ್ತಳು. ಗಂಟು ಇದ್ದ ಜಾಗದ ತಗಡು ಗಂಟಿನಷ್ಟೇ ಅಗಲಕ್ಕೆ ತಿಂದುಹೋಗಿತ್ತು. ಉಪ್ಪು ಬೀಳದ ಬಾಗಿಲು ಮಾತ್ರ ಹೊಚ್ಚ ಹೊಸದರಂತಿತ್ತು.

"ನೋಡಿಲ್ಲೆ! ಉಪ್ಪ ಬಿದ್ದಲ್ಲೆ ಜಂಗು, ಬೀಳದಲ್ಲೆ ಏನೂ ಇಲ್ಲ. ನಿಂದು ಎಣ್ಣಿ ಕುಡದು ಗಟ್ಟಿ ಉಳೀತು. ನಂದನ್ನ ನಾನ ಉಪ್ಪು ಹಾಕಿ ಕೊಂದೆ! ನನ್ನ ಕೈ ಮಾಡಿದ್ದಕ್ಕ ನಿನ್ನ ಕಣ್ಣಿಗೆ ಬೈದೆ ಸುಂದ್ರಿ. ತಪ್ಪಾತವಾ."

"ಹಂಗಾರ ನನ್ನ ಕಣ್ಣಾಗ..."

"ಏನೂ ಇಲ್ಲ. ನೀರ ಐತಿ ಅಷ್ಟ," ಎಂದು ರಾಚವ್ವ ತನ್ನ ಸೆರಗಿನಿಂದಲೇ ಗೆಳತಿಯ ಕಣ್ಣೊರೆಸಿದಳು. "ಈ ಕಡೆ ಸರಿ. ಅದೂ ಉಪ್ಪ ಐತಿ, ತಗಡಿನ ಮ್ಯಾಲ ಬಿದ್ದೀತು!"

ಸುಂದರವ್ವ ಅಳುತ್ತಲೇ ನಕ್ಕುಬಿಟ್ಟಳು. ರಾಚವ್ವ ಅವಳ ಕೈ ಬಿಡಲೇ ಇಲ್ಲ. ಓಣಿ ಸುತ್ತಿಸಿ ಮುಂಬಾಗಿಲಿಗೆ ಕರೆತಂದು, "ತುಳಿ, ಹೊಸ್ತಿಲಾ ಚೊಲೋತ್ನಾಗಿ ತುಳಿ," ಎಂದಳು. ಆಮೇಲೆ ಒಳಗೆ ಕೂಗಿ ಸೊಸೆಗೆ ಅಗಸೆ ಎಣ್ಣೆ ತರಹೇಳಿದಳು.